ಆರು ತಿಂಗಳ ರಾಯರು

ಸಿಯಾಟಲ್ ಪಕ್ಕದ ಸಮಾಮಿಶ್ ಕೆರೆಯ ದಂಡೆಯಲ್ಲಿರುವ ನಮಗೆ ಬೇಸಿಗೆ ಬಂತೆಂದು ತಿಳಿಯಲು ಹವಾಮಾನ ವರದಿ ಬೇಕಿಲ್ಲ. ತಲೆಗೆ ಮಂಕಿ ಟೋಪಿ, ಮೈಗೆ ಅಳಿಯನ ಕಂಪನಿಯ ಜಾಕೆಟ್ಟು, ಕೆಳಗೆ ಮಗನ ಹಳೇ ಟ್ರ್ಯಾಕ್ ಪ್ಯಾಂಟು, ಕಾಲಿಗೆ ಹೊಚ್ಚಹೊಸ ಬಿಳೀ ಬೂಟು, ಇಷ್ಟೂ ಒಂದೇ ದೇಹದ ಮೇಲೆ ಕಂಡರೆ ಸಾಕು. ರಾಯರು ಬಂದರು, ಬೇಸಿಗೆಯೂ ಬಂತು.

ಯಾವ ರಾಯರು ಎಂದು ಕೇಳಬೇಡಿ. ಹೋದ ವರ್ಷ ಎದುರುಮನೆಯವರ ಅಪ್ಪ, ಈ ವರ್ಷ ಪಕ್ಕದ ಮನೆಯವರ ಮಾವ. ಆಳು ಬೇರೆ, ಅವತಾರ ಒಂದೇ. ವಿಮಾನ ನಿಲ್ದಾಣದಲ್ಲಿ ಆರು ತಿಂಗಳು ಇರಲು ಅನುಮತಿ ಸಿಕ್ಕ ಕ್ಷಣದಿಂದ ಅವರು ಮಾಡುವ ಕೆಲಸ ಎರಡೇ: ದಿನ ಎಣಿಸುವುದು, ಹೋಲಿಸುವುದು.

ಕೆರೆಯ ಪೂರ್ವದಂಡೆಯಲ್ಲಿ ರೆಡ್ಮಂಡ್‌ನಿಂದ ಇಸ್ಸಾಕ್ವಾವರೆಗೆ ಸುಮಾರು 18 ಕಿಲೋಮೀಟರು ಕಾಲುದಾರಿಯಿದೆ. ಹಿಂದೆ ಅದು ರೈಲು ಹಳಿ. ಇದು ತಿಳಿದ ದಿನ ರಾಯರು ಅಲ್ಲೇ ನಿಂತುಬಿಟ್ಟರು. "ನಮ್ಮೂರಿಗೆ ಇನ್ನೊಂದು ರೈಲು ಬಿಡಿ ಅಂತ ಮೂವತ್ತು ವರ್ಷದಿಂದ ಅರ್ಜಿ ಹಾಕ್ತಿದ್ದೀವಿ. ಇವರು ಇದ್ದ ರೈಲು ಕಿತ್ತು ವಾಕಿಂಗ್ ಮಾಡ್ತಾರಲ್ಲಯ್ಯ!"

ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ 9 ದಾಟಿದ ಮೇಲೆ. ರಾಯರ ಹೊಟ್ಟೆ ಮಾತ್ರ ಮೈಸೂರಿನ ಗಡಿಯಾರದಂತೆ ಎಂಟಕ್ಕೆ ಹಸಿಯುತ್ತದೆ. ಊಟ ಮುಗಿಸಿ ಸಂಧ್ಯಾವಂದನೆಯೋ, ಸಂಧ್ಯಾವಂದನೆಗೆ ಕಾದು ಉಪವಾಸವೋ? ಮರಿಮೂರ್ ಪಾರ್ಕಿನ ಕ್ರಿಕೆಟ್ ಮೈದಾನದ ಬೆಂಚಿನ ಮೇಲೆ ತೆಲುಗಿನ ಗಾರು, ತಮಿಳಿನ ಸಾರ್, ಗುಜರಾತಿನ ಭಾಯ್ ಸೇರಿದ ಸಭೆಗೆ ವಿಷಯ ಹೋಯಿತು. ಯಾರಿಗೂ ಸರಿಯಾಗಿ ಬಾರದ ಹಿಂದಿಯಲ್ಲಿ ವಾರವಿಡೀ ಚರ್ಚೆಯಾಗಿ, ಊಟ ಗೆದ್ದಿತು.

ಆಗಸ್ಟ್‌ನಲ್ಲಿ ದಾರಿಯ ಬದಿಯ ಮುಳ್ಳುಪೊದೆಗಳಲ್ಲಿ ಬ್ಲ್ಯಾಕ್‌ಬೆರಿ ಹಣ್ಣಾಗುತ್ತದೆ. ಅದಕ್ಕಿಲ್ಲಿ ಹಿಮಾಲಯನ್ ಬ್ಲ್ಯಾಕ್‌ಬೆರಿ ಎಂದು ಹೆಸರು. ಸರಿ, ರಾಯರ ಕೈಗೆ ಸ್ಟೀಲ್ ಡಬ್ಬಿ ಬಂತು. ಹಿಮಾಲಯದ ಹೆಸರು ಅಂಟಿಸಿದವನು ಕ್ಯಾಲಿಫೋರ್ನಿಯಾದ ಸಸಿ ವ್ಯಾಪಾರಿ ಲೂಥರ್ ಬರ್ಬ್ಯಾಂಕ್, ಗಿಡದ ಮೂಲ ಅರ್ಮೇನಿಯಾ ಕಡೆ, ಇಲ್ಲಿಯವರಿಗೆ ಇದು ಎಷ್ಟು ಕಡಿದರೂ ಸಾಯದ ಕಳೆ ಎಂದು ಮಗ ತಿಳಿಸಿ ಹೇಳಿದ. "ಹೆಸರು ನಮ್ಮದು ತಾನೆ?" ಎಂದು ರಾಯರು ಡಬ್ಬಿ ತುಂಬಿದರು. ಹೆಂಡತಿ ಅದಕ್ಕೆ ಇಂಗಿನ ಒಗ್ಗರಣೆ ಕೊಟ್ಟು ಗೊಜ್ಜು ಮಾಡಿದರು.

ಆ ತಾಯಿ ಶ್ರಾವಣದಲ್ಲಿ ಡೆಕ್ ಮೇಲೆ ಸಂಡಿಗೆ ಇಟ್ಟರು, ಖಣಖಣ ಒಣಗಿತು. ಇಲ್ಲಿ ಜುಲೈ, ಆಗಸ್ಟ್‌ನಲ್ಲಿ ಮಳೆ ಅಪರೂಪ. ಆಶ್ವೀಜದಲ್ಲಿ ಇನ್ನೊಂದು ಕಂತು ಇಟ್ಟರು, ಜಿಟಿಜಿಟಿ ಹಿಡಿದು ಹಿಟ್ಟಾಯಿತು. ಅತ್ತ ಮೇಪಲ್ ಎಲೆಗಳು ಕುಂಕುಮ ಅರಿಶಿನದ ಬಣ್ಣ ತಳೆದು ಉದುರತೊಡಗಿದವು. ರಾಯರು ಕೊಡೆ ಹಿಡಿದು ತೀರ್ಪಿತ್ತರು: "ಮಳೆಗಾಲದಲ್ಲಿ ಬಿಸಿಲು, ಶರದೃತುವಿನಲ್ಲಿ ಮಳೆ, ಶಿಶಿರದಲ್ಲಿ ಉದುರಬೇಕಾದ ಎಲೆ ನವರಾತ್ರಿಗೇ ನೆಲಕ್ಕೆ. ಇವರು ಚಂದ್ರನ ಮೇಲೆ ಇಳಿದಿರಬಹುದು. ಪಂಚಾಂಗ ಬರೆಯೋದು ಕಲೀಲಿಲ್ಲ."

ಅದೇ ಹೊತ್ತಿಗೆ ಸಾಲ್ಮನ್ ಮೀನುಗಳು ಸಮುದ್ರದಿಂದ ಹೊರಟು, ಈ ಕೆರೆಯನ್ನು ಹಾದು, ಇಸ್ಸಾಕ್ವಾ ಹಳ್ಳದಲ್ಲಿ ಪ್ರವಾಹದೆದುರು ಈಜುತ್ತ ತಾವು ಹುಟ್ಟಿದ ಜಾಗಕ್ಕೆ ಮರಳುತ್ತವೆ. ಮಗ ಅಪ್ಪ ಅಮ್ಮನನ್ನು ಸೇತುವೆಯ ಮೇಲೆ ನಿಲ್ಲಿಸಿ ತೋರಿಸಿದ. ಮೊಟ್ಟೆ ಇಟ್ಟ ಮೇಲೆ ತಾಯಿ ತಂದೆ ಎರಡೂ ಸಾಯುತ್ತವೆ ಎಂದ.

"ಅಯ್ಯೋ ಪಾಪ, ಮರಿಗಳ ಮುಖವನ್ನೂ ನೋಡಲ್ವೇನೋ?" ಎಂದರು ಅಮ್ಮ.

"ಬೇಬಿ ಸಿಟ್ಟಿಂಗ್ ತಪ್ಪಿತು ಬಿಡೆ," ಎಂದರು ರಾಯರು. ಆಮೇಲೆ ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತರು. ಆರು ತಿಂಗಳಲ್ಲಿ ಅವರು ಯಾವುದಕ್ಕೂ ಹೋಲಿಸದೆ ನೋಡಿದ್ದು ಅದೊಂದನ್ನೇ. ಕಾರು ಹತ್ತುವಾಗ ಮೆಲ್ಲಗೆ ಕೇಳಿದರು: "ನಮ್ಮ ಟಿಕೆಟ್ ಎಷ್ಟನೇ ತಾರೀಕು ಅಂದೆ?"

ದೀಪಾವಳಿಗೆ ಮುಂಚೆ ರಾಯರು ಊರು ಸೇರುತ್ತಾರೆ. ಇಲ್ಲಿದ್ದಷ್ಟು ದಿನ, ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಮುಂದೆ ಇದೇನು ಮಹಾ ಎಂದವರು ಅವರು. ಮೈಸೂರಿನ ಓದುಗರೇ, ನವೆಂಬರಿನಲ್ಲಿ ಆ ಕೆರೆಯ ಏರಿಯ ಮೇಲೆ ಬಿಳೀ ಬೂಟಿನವರೊಬ್ಬರು ಎದುರಾಗಿ, "ನಮ್ಮ ಸಮಾಮಿಶ್ ಕೆರೇಲಿ ಏನು ನೀರು ಅಂತೀರಿ!" ಎಂದು ಶುರುಮಾಡಿದರೆ ತಪ್ಪಿಸಿಕೊಳ್ಳಬೇಡಿ, ಪೂರ್ತಿ ಒಂದು ಸುತ್ತು ಕೇಳಿ. ಅವರ ಮಾತನ್ನು ಇಲ್ಲಿ ನಾವು ಆರು ತಿಂಗಳು ಕೇಳಿದ್ದೇವೆ. ಈಗ ನಿಮ್ಮ ಪಾಳಿ.