ಕಟ್ಟು ಹಾಕಿಸುವ ಯೋಗ್ಯತೆ

ಒಂದು ಚಿತ್ರಕ್ಕಿಂತ ಇನ್ನೊಂದು ಹೇಗೆ ಮೇಲು ಅಂತ ಹೇಳೋದಕ್ಕೆ ಓದಿಕೊಂಡಿರಬೇಕಂತೆ. ನಮ್ಮ ಸೋದರಮಾವನಿಗೆ ಆ ತಾಪತ್ರಯವಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ 'ಹೂಂ' ಅಂದರೆ ಅದು ಕಲೆ, 'ಹ್ಞಾಂ?' ಅಂದರೆ ಅಲ್ಲ.

ಇಂಥ ಮಾವನನ್ನು ಮೈಸೂರಿನ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋದೆ. ಅಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಪ್ರಸಿದ್ಧ ಚಿತ್ರದ ಮುಂದೆ ಮಾವ ಎರಡೂ ಕಣ್ಣು ಬಿಟ್ಟರು.

"ರವಿವರ್ಮನ ಕೈ ಅಂದ್ರೆ ಕೈ ಕಣೋ! ಬೆರಳ ಸಂದಿಯಲ್ಲಿ ಬೆಳಕು ಹೆಂಗೆ ಕೆಂಪಾಗಿದೆ ನೋಡು."

ನನಗೋ ನಾಲಿಗೆ ಸುಮ್ಮನಿರದು. "ಇದು ಎಸ್.ಎಲ್. ಹಲ್ದಂಕರ್ ಬರೆದ ಜಲವರ್ಣ, ಮಾವ. ನಿಂತಿರೋದು ಅವರ ಮಗಳೇ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ದೀಪ ಹಚ್ಚಿದ್ದು 1945-46ರ ಸುಮಾರಿಗೆ."

ಮಾವ ಒಂದು ಕ್ಷಣ ಸುಮ್ಮನಾದರು. ಆಮೇಲೆ ಒಂದು ಕಣ್ಣು ಮುಚ್ಚಿದರು. "ಅದಕ್ಕೇ ಅಂದ್ಕೊಂಡೆ, ಹೆಬ್ಬೆರಳು ಯಾಕೋ ಸ್ವಲ್ಪ ದಪ್ಪ ಆಯ್ತಲ್ಲ ಅಂತ!"

ನಗಬೇಡಿ. ಚಿತ್ರ ನೋಡುವ ಕೆಲಸವನ್ನು ಕಿವಿಗೆ ವಹಿಸಿದವರು ಮಾವ ಒಬ್ಬರೇ ಅಲ್ಲ. ಕೆಲವರು ಅದನ್ನು ಸೋಫಾಕ್ಕೂ ವಹಿಸುತ್ತಾರೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯ ಚಿತ್ರಸಂತೆಗೆ ಹೋಗಿ ಕಿವಿಗೊಟ್ಟು ನಿಲ್ಲಿ. "ಚೆನ್ನಾಗಿದೆ, ಆದ್ರೆ ನಮ್ಮ ಸೋಫಾ ಕಂದು ಬಣ್ಣ. ಇದೇ ಕುದುರೆ ಕಂದು ಬಣ್ಣದಲ್ಲಿ ಸಿಗತ್ತಾ?" ಸೋಫಾಕ್ಕೆ ಹೊಂದಿದ ಕುದುರೆ ಗೆದ್ದಿತು; ಹೊಂದದ್ದು ಎಷ್ಟು ಚೆನ್ನಾಗಿ ಓಡಿದರೂ ಲಾಯಕ್ಕೆ ವಾಪಸ್.

ಈ ವಿಷಯದಲ್ಲಿ ನಮ್ಮ ಅತ್ತೆಯ ಶಾಸ್ತ್ರವೇ ಗಟ್ಟಿ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದು ಲಕ್ಷ್ಮಿ, ಸರಸ್ವತಿಯರನ್ನು ಅರಮನೆಯಿಂದ ಅಡುಗೆಮನೆಗೆ ಇಳಿಸಿದ. ಅಂದಿನಿಂದ ಪಂಡಿತರು 'ಬರೀ ಕ್ಯಾಲೆಂಡರ್ ಕಲೆ' ಅಂತ ಮೂಗು ಮುರಿಯುತ್ತಲೇ ಇದ್ದಾರೆ. ಅತ್ತೆ ಮೂಗು ಮುರಿಯುವುದಿಲ್ಲ, ಡಿಸೆಂಬರ್ ಮುಗಿಯಲಿ ಅಂತ ಕಾಯುತ್ತಾರೆ. ವರ್ಷ ಕಳೆದ ಕ್ಯಾಲೆಂಡರು ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕಲು ಹೋದರೆ ಮೂರನೇ ದರ್ಜೆ. ಬಾಗಿಲ ಹಿಂದಿನ ಮೊಳೆಯಲ್ಲೇ ಉಳಿದರೆ ಎರಡನೇ ದರ್ಜೆ. ತಾರೀಕಿನ ಭಾಗ ಕತ್ತರಿಸಿ, ಕಟ್ಟು ಹಾಕಿಸಿ, ಗೋಡೆಗೇರಿದರೆ ಮೊದಲನೇ ದರ್ಜೆ. ಬರೆದವನ ಹೆಸರು ಅವರು ಯಾವತ್ತೂ ಕೇಳಿದವರಲ್ಲ.

ಮೈಸೂರಿನಿಂದ ಬರುವಾಗ ಮಾವ ದೀಪದ ಹೆಂಗಸಿನ ಒಂದು ಅಚ್ಚುಪ್ರತಿ ಕೊಂಡರು. ಮನೆಯಲ್ಲಿ ಹೆಸರೆತ್ತದೆ ಅತ್ತೆಯ ಕೈಗಿಟ್ಟರು. ಅತ್ತೆ ಬಹಳ ಹೊತ್ತು ನೋಡಿದರು.

"ಪಾಪ, ಎಷ್ಟೊತ್ತಿಂದ ಕೈ ಅಡ್ಡ ಹಿಡ್ಕೊಂಡು ನಿಂತಿದ್ದಾಳೋ. ಏ, ಆ ಫ್ಯಾನ್ ಆರಿಸೋ!"

ಮಾರನೇ ದಿನ ಕಟ್ಟು ಹಾಕುವ ಅಂಗಡಿಗೆ ಹೊರಟೆವು. ದಾರಿಯಲ್ಲಿ ಮಾವ ಸುರುಳಿ ಬಿಚ್ಚಿ ಮತ್ತೊಮ್ಮೆ ನೋಡಿದರು.

"ಹೆಬ್ಬೆರಳು ಅಷ್ಟೇನೂ ದಪ್ಪ ಇಲ್ಲ ಬಿಡೋ."