ಸುಲ್ತಾನರಿಗೆ ಕಾಲಿನ ಅಹವಾಲು

ಗೆ,
ಸುಲ್ತಾನ್ ಮಹಮ್ಮದ್ ಆದಿಲ್‌ಶಾಹ ಅವರು,
ಮುಕ್ಕಾಂ: ಗೋಳಗುಮ್ಮಟ, ವಿಜಯಪುರ.

ವಿಷಯ: ಸಕ್ಕರೆ ಕಾಯಿಲೆಯವರ ಕಾಲಿಗೂ ಬಿಪಿ ಪಟ್ಟಿ ಕಟ್ಟಿಸಿಕೊಡುವ ಕುರಿತು.

ಮಾನ್ಯರೇ,

ಸಲಾಮು, ಶರಣು ಎರಡನ್ನೂ ಸ್ವೀಕರಿಸಬೇಕು. ತಾವು 1656ರಲ್ಲೇ ಮಲಗಿದವರು; ಈಗ ಎಬ್ಬಿಸಿದ್ದಕ್ಕೆ ಕ್ಷಮೆ ಇರಲಿ. ಈ ಅರ್ಜಿಯನ್ನು ಬದುಕಿರುವ ಸಾಹೇಬರಿಗೇ ಕೊಡಬಹುದಿತ್ತು. ಆದರೆ ನನ್ನ ಅಹವಾಲು ಕೊಳವೆಯೊಳಗಿನ ಒತ್ತಡದ್ದು. ಅದನ್ನು ಬಲ್ಲವರು ಈ ಊರಲ್ಲಿ ಇದ್ದದ್ದು ತಮ್ಮ ಮನೆತನದ ಕಾಲಕ್ಕೇ ಕೊನೆಯೇನೋ ಎಂಬ ಅನುಮಾನ ನನಗೆ.

ತೊರವಿಯ ಕಡೆಯಿಂದ, ಆಮೇಲೆ ತಾವು 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬಿನಿಂದ, ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರ. ನೀರು ಅದರೊಳಗೆ ಏರಿ, ರಭಸ ಕಳೆದು, ಹೂಳನ್ನು ತಳಕ್ಕೆ ಬಿಟ್ಟು ಮುಂದೆ ಹೋಗುತ್ತಿತ್ತು. ಒತ್ತಡ ಹೆಚ್ಚಾದರೆ ಮಣ್ಣಿನ ಕೊಳವೆ ಸೀಳುತ್ತದೆ, ಹೂಳು ಕಟ್ಟಿದರೆ ಕೊನೆಯ ತೊಟ್ಟಿಗೆ ನೀರು ಮುಟ್ಟುವುದಿಲ್ಲ. ಇಷ್ಟು ತಿಳಿವಳಿಕೆ ತಮ್ಮ ಗೌಂಡಿಗಳಿಗಿತ್ತು. ಆ ಗಂಜ್‌ಗಳಲ್ಲಿ ಕೆಲವು ಇನ್ನೂ ನಿಂತಿವೆ. ನಾವು ಅವುಗಳ ನೆರಳಿನಲ್ಲಿ ಮೋಟರ್‌ಸೈಕಲ್ ನಿಲ್ಲಿಸುತ್ತೇವೆ.

ನಮ್ಮ ಮೈಯೊಳಗಿನ ಕೊಳವೆಗಳ ಒತ್ತಡವನ್ನು ಮಾತ್ರ ಒಂದೇ ಕಡೆ ನೋಡುವುದು ಇಲ್ಲಿಯ ವಾಡಿಕೆ. 1896ರಲ್ಲಿ ಇಟಲಿಯ ರಿವಾ-ರೋಚಿ ಎಂಬ ವೈದ್ಯರು ತೋಳಿಗೆ ಪಟ್ಟಿ ಕಟ್ಟಿದರು. ನಮ್ಮ ಓಣಿಯ ಮಟ್ಟಿಗೆ ಆ ಪಟ್ಟಿ ಇನ್ನೂ ಅಲ್ಲಿಂದ ಕೆಳಗಿಳಿದಿಲ್ಲ. "ಅಂಗಿ ತೋಳು ಏರಿಸ್ರಿ" ಎಂಬ ಮಾತನ್ನು ಹನ್ನೆರಡು ವರ್ಷದ ನನ್ನ ಸಕ್ಕರೆ ಸಂಸಾರದಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. "ಕಾಲು ಚಾಚ್ರಿ" ಎಂದು ಒಮ್ಮೆಯೂ ಕೇಳಿಲ್ಲ. ಮೋಜೆಂದರೆ, ನಮ್ಮ ಕಡೆ ಡಾಕ್ಟರ ಕೋಣೆಗೆ ಹೋಗುವವರು ಚಪ್ಪಲಿಯನ್ನು ಬಾಗಿಲಾಚೆಯೇ ಕಳೆದಿಡುತ್ತಾರೆ. ಪಾದ ಯಾರೂ ಹೇಳದೆಯೇ ಬರಿದಾಗಿ ಬಂದು ಸ್ಟೂಲಿನ ಕೆಳಗೆ ನಿಂತಿರುತ್ತದೆ. ಹಾಜರಿ ಹಾಕಿಕೊಳ್ಳುವವರಿಲ್ಲ.

ನನ್ನ ಸೋದರಮಾವನದು ತಿಕೋಟಾದ ಹತ್ತಿರ ದ್ರಾಕ್ಷಿ ಪಡ. ಸಕ್ಕರೆ ಬಂದು ಹದಿನೆಂಟು ವರ್ಷ. ಬೀಡಿ ಅದಕ್ಕಿಂತ ಹಳೆಯದು. ಪಡದ ಈ ತುದಿಯಿಂದ ಆ ತುದಿಗೆ ದಡದಡ ಹೋಗುತ್ತಿದ್ದವ, ನಾಲ್ಕು ಸಾಲು ದಾಟುವುದರೊಳಗೆ ಬಳ್ಳಿ ನೋಡುವ ನೆಪ ಮಾಡಿ ನಿಂತು ಮೀನಖಂಡ ಒತ್ತಿಕೊಳ್ಳತೊಡಗಿದ. ಎರಡು ನಿಮಿಷ ನಿಂತರೆ ಬೇನೆ ಮಾಯ, ನಡೆದರೆ ಮತ್ತೆ ಹಾಜರು. "ವಯಸ್ಸಾತಪಾ, ಎತ್ತಿಗೂ ಕಾಲು ಸೋಲ್ತಾವು" ಎನ್ನುತ್ತಿದ್ದ. ಸಾಂಗಲಿಯ ಬೀಗರಿಗೆ ಗುಮ್ಮಟ ತೋರಿಸಲು ಕರೆತಂದ ದಿನ, ಮೂಲೆಯ ಗೋಪುರದ ಏಳು ಅಂತಸ್ತಿನಲ್ಲಿ ಮೂರನೆಯದಕ್ಕೇ ಕುಳಿತುಬಿಟ್ಟ. "ನೀವು ಹೋಗ್ರಿ, ನಾ ಭಾಳ ಸಲ ನೋಡೀನಿ." ಸುಲ್ತಾನರೇ, ತಮ್ಮ ಮೆಟ್ಟಿಲು ಅವತ್ತು ರೋಗವನ್ನು ಸರಿಯಾಗಿಯೇ ಹಿಡಿದಿತ್ತು. ಚೀಟಿ ಬರೆದುಕೊಡಲು ಅದಕ್ಕೆ ಬರುವುದಿಲ್ಲ, ಅಷ್ಟೆ.

ಬರಬರುತ್ತ ಬೇನೆಯೂ ಕಡಿಮೆಯಾಯಿತು. ಮಾವ ಖುಷಿಯಾದ. ಬೇನೆಯ ಸುದ್ದಿ ಮುಟ್ಟಿಸುವ ನರಗಳನ್ನೇ ಸಕ್ಕರೆ ತಿಂದುಹಾಕುತ್ತಿದೆ ಎಂದು ಯಾರಿಗೆ ಗೊತ್ತು?

ಆ ವರ್ಷ ದಸರೆಯ ಸಂಜೆ ಬನ್ನಿ ಕೊಟ್ಟು, "ಬಂಗಾರದಂಗ ಇರೋಣು" ಎಂದು ಅವನ ಕಾಲಿಗೆ ಬಿದ್ದೆ. ಬಲಪಾದ ಬೆಚ್ಚಗಿತ್ತು. ಎಡಪಾದ ನೀರಿನ ಹರವಿಯ ಹೊಟ್ಟೆಯ ಹಾಗೆ ತಣ್ಣಗೆ. ಚರ್ಮ ತೆಳ್ಳಗಾಗಿ ಮಿರಮಿರ ಮಿಂಚುತ್ತಿತ್ತು, ಬೆರಳುಗಳ ಮೇಲೆ ಒಂದೂ ಕೂದಲಿರಲಿಲ್ಲ, ಹೆಬ್ಬೆರಳ ಪಕ್ಕದ ಬೆರಳ ತುದಿಯಲ್ಲಿ ಜೋಳದ ಕಾಳಿನಷ್ಟು ಕಪ್ಪು. ಹದಿನೆಂಟು ವರ್ಷದಲ್ಲಿ ಆ ಪಾದಕ್ಕೆ ಆದ ಮೊದಲ ತಪಾಸಣೆ ಅದು. ಮಾಡಿದ್ದು ದಸರಾ ಹಬ್ಬ.

ಕೊನೆಗೂ ಒಂದು ದೊಡ್ಡ ದವಾಖಾನೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿದರು. ಅದೇನು ಮಾಯಾಮಂತ್ರವಲ್ಲ. ರೋಗಿಯನ್ನು ಹತ್ತು ನಿಮಿಷ ಅಂಗಾತ ಮಲಗಿಸುತ್ತಾರೆ. ಎರಡೂ ತೋಳಿನ ಬಿಪಿ ನೋಡಿ, ಮೇಲಿನ ಅಂಕಿಯಲ್ಲಿ ಯಾವುದು ಹೆಚ್ಚೋ ಅದನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಅಂಥದೇ ಪಟ್ಟಿಯನ್ನು ಹರಡಿನ ಮೇಲ್ಗಡೆ ಸುತ್ತುತ್ತಾರೆ. ಪಾದದ ಬೆನ್ನಿನ ಮೇಲೊಂದು ನಾಡಿ, ಒಳಹರಡಿನ ಹಿಂದೊಂದು ನಾಡಿ. ಅಲ್ಲಿ ಜೆಲ್ ಹಚ್ಚಿ ಪೆನ್ನಿನಂಥ ಡಾಪ್ಲರ್ ಕಡ್ಡಿ ಇಟ್ಟರೆ ರಕ್ತ ಓಡುವ ಸಪ್ಪಳ ಕೇಳುತ್ತದೆ: ಷೂ, ಷೂ, ಷೂ. ಪಟ್ಟಿಗೆ ಗಾಳಿ ತುಂಬಿದರೆ ಸಪ್ಪಳ ಅಡಗುತ್ತದೆ. ಮೆಲ್ಲಗೆ ಗಾಳಿ ಬಿಡುತ್ತ ಬಂದಾಗ ಯಾವ ಅಂಕಿಗೆ ಮತ್ತೆ ಕೇಳಿಸಿತೋ ಅದೇ ಕಾಲಿನ ಒತ್ತಡ. ತಮ್ಮ ಗುಮ್ಮಟದ ಗ್ಯಾಲರಿಯಲ್ಲಿ ಈ ಬದಿಯ ಪಿಸುಮಾತು ಆ ಬದಿಯವನಿಗೆ ಮುಟ್ಟುತ್ತದೆ. ಅದನ್ನು ಕೇಳಲು ಊರೂರಿನಿಂದ ಬಂದು ಸಾಲುಗಟ್ಟುತ್ತಾರೆ. ಸ್ವಂತ ಪಾದದ ಪಿಸುಮಾತಿಗೆ ಸಾಲು ಇಲ್ಲ.

ಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಬೇಕು. 1950ರಲ್ಲೇ ಅಮೆರಿಕದ ಟ್ರಾವಿಸ್ ವಿನ್ಸರ್ ತೋರಿಸಿಕೊಟ್ಟ ಹೋಲಿಕೆ ಇದು. ಲೆಕ್ಕ ಮಾತ್ರ ನಮ್ಮ ನಾಲ್ಕನೇ ಇಯತ್ತೆಯದು. 1ರಿಂದ 1.4ರವರೆಗೆ ಬಂದರೆ ಸರಿ. 0.9 ಅಥವಾ ಅದಕ್ಕಿಂತ ಇಳಿದರೆ ಕಾಲಿನ ನಾಳದಲ್ಲಿ ಹೂಳು ಕಟ್ಟಿದೆ ಎಂದರ್ಥ. ಮಾವನ ತೋಳಿನಲ್ಲಿ 150, ಎಡಗಾಲಿನಲ್ಲಿ 84. ಭಾಗಿಸಿದರೆ 0.56. ಬಲಗಾಲಿನಲ್ಲಿ 230, ಅಂದರೆ 1.53. ಮಾವ ಮಲಗಿದಲ್ಲಿಂದಲೇ, "ಬಲಗಾಲು ನೋಡು, ಫಸ್ಟ್ ಕ್ಲಾಸ್ ಪಾಸಾತು" ಎಂದ.

ಸಕ್ಕರೆಯ ಮೋಸ ಇರುವುದೇ ಅಲ್ಲಿ. ವರ್ಷಗಟ್ಟಲೆ ಸಕ್ಕರೆ ಇದ್ದವರ ನಾಳದ ಗೋಡೆಯಲ್ಲಿ ಸುಣ್ಣ ಕೂತು ಅದು ಸೆಟೆದುಕೊಳ್ಳುತ್ತದೆ. ಎಷ್ಟು ಗಾಳಿ ತುಂಬಿದರೂ ಪಟ್ಟಿಗೆ ಅದನ್ನು ಹಿಚುಕಲಾಗದು. ಬಂದ ದೊಡ್ಡ ಅಂಕಿ ಗೋಡೆಯ ಹಟದ್ದು. ರಕ್ತದ ಬಲದ್ದೆಂದು ತಿಳಿದರೆ ಕೆಟ್ಟೆವು. ಆದ್ದರಿಂದ 1.4 ದಾಟಿದವರ ಹೆಬ್ಬೆರಳಿಗೆ ಪುಟ್ಟ ಪಟ್ಟಿ ಸುತ್ತಿ ನೋಡಬೇಕು. ಬೆರಳಿನ ನಾಳ ಹಾಗೆ ಸೆಟೆಯುವುದು ಕಡಿಮೆ. ಮಾವನ ಫಸ್ಟ್ ಕ್ಲಾಸ್ ಬಲಗಾಲಿನ ಹೆಬ್ಬೆರಳಲ್ಲಿ ಸಿಕ್ಕಿದ್ದು 78, ಭಾಗಿಸಿದರೆ 0.52. ಅಲ್ಲಿ 0.7ಕ್ಕಿಂತ ಇಳಿದರೆ ನಾಪಾಸು.

ಎಡಗಾಲಿನ ನಾಳವನ್ನು ಬಲೂನು ಹಾಕಿ ತೆರೆದರು. ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಕಾಲಿನ ನಾಳ ಕಟ್ಟಿದವರಿಗೆ ಹೃದಯಾಘಾತ, ಲಕ್ವದ ಅಪಾಯವೂ ಹೆಚ್ಚು ಎಂದು ಡಾಕ್ಟರು ಹೇಳಿದ ಮೇಲೆ ಬೀಡಿಯೂ ಹೋಯಿತು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಕಾಲನ್ನೂ ನೋಡಿಸೋಣವೆಂದು ಯಾವಾಗಲೂ ಹೋಗುವ ಕಡೆ ಕೇಳಿದೆ. ಪಟ್ಟಿ ಕಟ್ಟುವ ಹುಡುಗ ನನ್ನ ಮುಖ ನೋಡಿ, "ಕಾಲಿಗೂ ಬಿಪಿ ಇರ್ತೈತೇನ್ರಿ ಸರ?" ಎಂದು ನಕ್ಕ. ಅವನನ್ನು ಅಂದು ಏನು ಫಲ? ಹನ್ನೆರಡು ವರ್ಷ ನಾನೂ ಕೇಳಿರಲಿಲ್ಲವಲ್ಲ.

ಮೇಲೆ ಒತ್ತಡ ಇದ್ದರೆ ತುದಿಗೂ ಮುಟ್ಟಿತೆಂದಲ್ಲ ಎಂಬುದನ್ನು ಬಬಲೇಶ್ವರ, ತಿಕೋಟಾ ಕಡೆಯವರಿಗೆ ಬಿಡಿಸಿ ಹೇಳಬೇಕಾದ್ದೇ ಇಲ್ಲ. ಕಾಲುವೆಯ ಬಾಯಲ್ಲಿ ನೀರು ನೋಡಿ, "ಕೊನೆಯ ಹೊಲಕ್ಕೂ ಮುಟ್ಟಿದೆ" ಎಂದು ಬರೆದುಕೊಂಡು ಹೋಗುವ ಎಂಜಿನಿಯರನ ಜೀಪನ್ನು ನಮ್ಮ ರೈತರು ಮುಂದೆ ಬಿಡುವುದಿಲ್ಲ. ಅದೇ ರೈತರು ತೋಳಿನಲ್ಲಿ 130 ಎಂದು ಕೇಳಿ, ರಕ್ತ ಹೆಬ್ಬೆರಳಿಗೂ ಮುಟ್ಟಿತೆಂದು ನಂಬಿ, ಗುಳಿಗೆ ಚೀಟಿ ಜೇಬಿಗಿಟ್ಟು ಬಸ್ಸು ಹತ್ತುತ್ತಾರೆ. ಕೊನೆಯ ಹೊಲದ ಜಗಳ ನಮಗೆ ಗೊತ್ತು, ಆ ಹೊಲ ನಮ್ಮದೇ ಕಾಲ ತುದಿಯಲ್ಲಿದ್ದರೆ ಗೊತ್ತಾಗುವುದಿಲ್ಲ.

ಆದ್ದರಿಂದ ತಾವು ಒಂದು ಫರ್ಮಾನು ಹೊರಡಿಸಬೇಕು. ಒಂದು, ಬಾಗಿಲಾಚೆ ಚಪ್ಪಲಿ ಬಿಟ್ಟು ಬಂದ ಪ್ರತಿ ಸಕ್ಕರೆಯವನ ಪಾದವನ್ನು ವರ್ಷಕ್ಕೊಮ್ಮೆಯಾದರೂ ಬಗ್ಗಿ ನೋಡಿ, ನಾಡಿ ಮುಟ್ಟತಕ್ಕದ್ದು. ಎರಡು, ನಡೆದರೆ ಮೀನಖಂಡ ಹಿಡಿಯುವವರು, ಪಾದದ ಹುಣ್ಣು ಮಾಯದವರು, 65 ದಾಟಿದವರು, ಇವರ ಕಾಲಿಗೂ ಪಟ್ಟಿ ಕಟ್ಟತಕ್ಕದ್ದು. ಮೂರು, "ವಯಸ್ಸಾತಪಾ" ಎಂಬ ರೋಗವನ್ನು ಇಂದಿನಿಂದ ರದ್ದು ಮಾಡತಕ್ಕದ್ದು.

ಇದೇನು ದುಬಾರಿ ಬೇಡಿಕೆ ಎನ್ನಬೇಡಿ. ತಾವು ಕಾಯಿಲೆ ಬಿದ್ದಾಗ ಸೂಫಿ ಸಂತ ಹಾಶಿಂಪೀರರು ಸ್ವಂತ ಆಯುಷ್ಯದ ಹತ್ತು ವರ್ಷ ತೆಗೆದು ತಮಗೆ ಕೊಟ್ಟರೆಂದು ಊರಲ್ಲಿ ಕಥೆಯಿದೆ. ನಾವು ಕೇಳುತ್ತಿರುವುದು ಅಂಗಾತ ಮಲಗಲು ಹತ್ತು ನಿಮಿಷ.

ಇಂತಿ,
ತಮ್ಮ ಊರಿನ ಒಬ್ಬ ಸಕ್ಕರೆಯವ

ತಾ.ಕ.: ಈ ಸಲದ ದಸರೆಗೆ ಮಾವ ಕಟ್ಟೆಯ ಮೇಲೆ ಎರಡೂ ಕಾಲು ಚಾಚಿಕೊಂಡೇ ಕುಳಿತಿದ್ದ. ಬನ್ನಿ ಕೊಡಲು ಬಂದ ಹುಡುಗರಿಗೆಲ್ಲ ಆಶೀರ್ವಾದಕ್ಕಿಂತ ಮೊದಲು ಒಂದೇ ಮಾತು: "ಎರಡೂ ಪಾದ ಮುಟ್ರಲೇ. ಯಾವುದು ತಣ್ಣಗೈತಿ, ಹೇಳಿ ಹೋಗ್ರಿ."