ಬ್ಯಾಕಪ್ ಭಾವ

ನಮ್ಮ ಭಾವ ಫೋನ್ ಮಾಡಿದರೆ ‘ಚೆನ್ನಾಗಿದ್ದೀಯೇನಯ್ಯಾ’ ಅಂತ ಕೇಳುವುದಿಲ್ಲ. ‘ಬ್ಯಾಕಪ್ ತಗೊಂಡ್ಯಾ?’ ಅಂತ ಕೇಳುತ್ತಾರೆ. ತಗೊಂಡೆ ಎಂದರೆ ಸುಮ್ಮನಾಗುವ ಆಸಾಮಿಯಲ್ಲ. ‘ಎಲ್ಲಿಟ್ಟಿದ್ದೀಯ?’ ಬೀರುವಿನಲ್ಲಿ. ‘ಮನೆಗೆ ಬೆಂಕಿ ಬಿದ್ರೆ?’ ಈ ಮಾತನ್ನು ಅವರು ಯುಗಾದಿಯ ಬೆಳಿಗ್ಗೆಯೂ ಆಡಿದ್ದುಂಟು. ಮಾರ್ಚ್ 31 ವಿಶ್ವ ಬ್ಯಾಕಪ್ ದಿನವಂತೆ. ಯುಗಾದಿ ಅದರ ಆಸುಪಾಸಿನಲ್ಲೇ ಬಂದುಬಿಟ್ಟ ವರ್ಷ ಎರಡೂ ಹಬ್ಬದ ಶುಭಾಶಯ ಒಂದೇ ಫೋನಿನಲ್ಲಿ ಮುಗಿಯುತ್ತದೆ. ಬೇವು ಮಾತ್ರ ನಮ್ಮ ಪಾಲಿಗೆ, ಬೆಲ್ಲ ಅವರ ಪಾಲಿಗೆ.

ಇಂಥವರೊಬ್ಬರು ನಿಮ್ಮ ಬಂಧುಬಳಗದಲ್ಲೂ ಇದ್ದೇ ಇರುತ್ತಾರೆ. ನಾಮಕರಣಕ್ಕೆ ಬಂದು ಮಗುವಿನ ಮುಖ ನೋಡುವ ಮೊದಲು ಪ್ರಿಂಟರ್ ಯಾಕೆ ಮೂಲೆಯಲ್ಲಿದೆ ಎಂದು ವಿಚಾರಿಸುವವರು. ಜೇಬಿನಲ್ಲಿ ಪೆನ್ನಿಲ್ಲದಿದ್ದರೂ ಪೆನ್ ಡ್ರೈವ್ ಇರುವವರು. ಬೇರೆಯವರ ಕಂಪ್ಯೂಟರ್ ಮುಂದೆ ಕೂತ ಕೂಡಲೇ ಡೆಸ್ಕ್‌ಟಾಪ್ ನೋಡಿ ‘ಥೂ’ ಎನ್ನುವವರು. ಅಕ್ಕ ಹೇಳುವ ಪ್ರಕಾರ ಭಾವ ಹುಟ್ಟಾ ಹೀಗಿರಲಿಲ್ಲ, ಬ್ಯಾಂಕು ಅವರನ್ನು ಹೀಗೆ ಮಾಡಿತು. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವಲ್ಲ, ಆ ಯಂತ್ರದ ಮುಂದೆ ಕೂರಲು ಉಳಿದವರೆಲ್ಲ ಹೆದರಿದಾಗ ಕೂತವರು ಇವರು. ಸಂಜೆ ಲೆಕ್ಕ ಮುಗಿಸಿ, ದಿನದ ವ್ಯವಹಾರದ ನಕಲನ್ನು ಫ್ಲಾಪಿಗೆ ಇಳಿಸಿ, ಒಂದು ಪ್ರತಿ ಶಾಖೆಯಲ್ಲಿಟ್ಟು ಇನ್ನೊಂದನ್ನು ಮನೆಗೆ ತರುತ್ತಿದ್ದರು. ಅಕ್ಕನ ಅವಲಕ್ಕಿ ಸರ, ಬಳೆ ಇದ್ದ ಬೀರುವಿನ ಖಾನೆಯಲ್ಲೇ ಅದಕ್ಕೂ ಜಾಗ. ಅಕ್ಕನ ಒಡವೆ ಯಾವುದಾದರೂ ಕಾಣದಿದ್ದರೆ ‘ಅಲ್ಲೇ ಎಲ್ಲೋ ಇರುತ್ತೆ ನೋಡೇ’. ಅದೇ ಫ್ಲಾಪಿ ಅರ್ಧ ಇಂಚು ಸರಿದಿದ್ದರೆ ಮನೆಯಲ್ಲಿ ಪಂಚಾಯಿತಿ.

ನನ್ನ ಲ್ಯಾಪ್‌ಟಾಪ್ ಕೆಟ್ಟದ್ದು ಅವರ ಜೀವನದ ಸಂಭ್ರಮದ ದಿನಗಳಲ್ಲಿ ಒಂದು. ಒಂದು ಸಂಜೆ ತೆರೆ ನೀಲಿಯಾಗಿ, ಆಮೇಲೆ ಕಪ್ಪಾಗಿ, ಒಳಗಿಂದ ಟಕ್, ಟಕ್, ಟಕ್ ಎಂಬ ಸದ್ದು ಶುರುವಾಯಿತು. ಭಾವನಿಗೆ ಫೋನ್ ಮಾಡಿದೆ. ‘ಫೋನ್ ಲ್ಯಾಪ್‌ಟಾಪ್ ಹತ್ರ ಹಿಡಿ’ ಎಂದರು. ಹಿಡಿದೆ. ಆ ಕಡೆ ಉಸಿರೂ ಕೇಳಿಸದ ಮೌನ. ಕೊನೆಗೆ, ‘ಹೆಡ್ ಹೋಗಿದೆ ಕಣಯ್ಯಾ. ಆಫ್ ಮಾಡು. ಇನ್ನೊಂದು ಸಲ ಆನ್ ಮಾಡಿದ್ಯೋ, ನಾನು ಬರೋದಿಲ್ಲ.’

ಬಂದರು. ಪಕ್ಕದ ಮನೆಯ ಎಂಜಿನಿಯರ್ ಹುಡುಗ ಅಷ್ಟರಲ್ಲಿ ‘ಡಿಸ್ಕನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ ಅಂಕಲ್’ ಎಂದು ಸಲಹೆ ಕೊಟ್ಟಿದ್ದ. ಅದನ್ನು ಹೇಳಿದ್ದೇ ತಪ್ಪಾಯಿತು. ‘ಹೊರಗೆ ತೆಗೆದ ತಕ್ಷಣ ಬೆವರುತ್ತೆ. ಒಳಗೆ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ, ಅದರ ಮೇಲೆ ಹೆಡ್ಡು ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲದ ಎತ್ತರದಲ್ಲಿ ತೇಲುತ್ತೆ. ಆ ಸಂದಿಗೆ ನೀರು ಬಿಡ್ತೀಯೇನೋ?’ ಎಂದು ಹುಡುಗನನ್ನು ಕರೆಸಿ ಬೈದರು. ಅವನು ಈಗ ನಮ್ಮ ಮನೆಯ ಮುಂದೆ ಹಾದುಹೋಗುವಾಗ ಚಪ್ಪಲಿ ಸದ್ದು ಮಾಡುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹೊಸ ಎಸ್‌ಎಸ್‌ಡಿ ತಂದೆವು. 500 ಜಿಬಿ. ಭಾವ ಡಬ್ಬಿಯ ಸೀಲು, ಬಿಲ್ಲಿನ ಮೇಲಿನ ಸೀರಿಯಲ್ ನಂಬರು, ವಾರಂಟಿ ಎಲ್ಲ ತಾಳೆ ನೋಡುವಷ್ಟರಲ್ಲಿ ಅಂಗಡಿಯವನು ನಮ್ಮ ಹಿಂದಿನ ಮೂರು ಗಿರಾಕಿಗಳನ್ನು ಸಾಗಹಾಕಿದ್ದ.

ಶಸ್ತ್ರಚಿಕಿತ್ಸೆ ಅಕ್ಕನ ಅಡುಗೆಮನೆಯ ಮೇಜಿನ ಮೇಲೆ. ನಾನು ಸ್ಕ್ರೂಗಳನ್ನು ಒಂದು ಲೋಟಕ್ಕೆ ಹಾಕಲು ಹೋದೆ. ಭಾವ ಕೈ ಹಿಡಿದರು. ಇಡ್ಲಿ ಸ್ಟ್ಯಾಂಡ್ ಬಿಚ್ಚಿ ತಟ್ಟೆಗಳನ್ನು ಹರಡಿದರು. ಒಂದು ತಟ್ಟೆ ತಳದ ಮುಚ್ಚಳದ ಸ್ಕ್ರೂಗಳಿಗೆ, ಯಾವ ಮೂಲೆಯದು ಯಾವ ಗುಳಿಗೆ ಎನ್ನುವ ಲೆಕ್ಕದಲ್ಲಿ. ಇನ್ನೊಂದು ಡಿಸ್ಕನ್ನು ಹಿಡಿದಿಟ್ಟ ಚೌಕಟ್ಟಿನ ನಾಲ್ಕು ಪುಟ್ಟ ಸ್ಕ್ರೂಗಳಿಗೆ. ‘ಉದ್ದನೇದು ಗಿಡ್ಡ ಜಾಗಕ್ಕೆ ಹೋದ್ರೆ ಬೋರ್ಡಿಗೆ ತೂತು’ ಎಂದರು. ಮೊದಲು ಬ್ಯಾಟರಿ ಕಳಚಿ, ಪವರ್ ಬಟನ್ ಒತ್ತಿ ಹಿಡಿದು, ಎದ್ದು ಹೋಗಿ ಸಿಂಕಿನ ನಲ್ಲಿ ಮುಟ್ಟಿ ಬಂದರು. ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ಇಳಿಯಲಿ ಎಂದು. ನನ್ನನ್ನೂ ಮುಟ್ಟಿ ಬಾ ಎಂದು ಅಟ್ಟಿದರು. ಅಕ್ಕ ಹಿಟ್ಟಿನ ಪಾತ್ರೆ ಹಿಡಿದು ನಿಂತೇ ಇದ್ದಳು.

‘ತಟ್ಟೆ ಯಾವಾಗ ಸಿಗುತ್ತೆ ಅಂತ ಹೇಳಿದ್ರೆ ಇಡ್ಲಿ ಮಾಡೋದೋ ಬೇಡ್ವೋ ತೀರ್ಮಾನ ಮಾಡ್ತೀನಿ.’

‘ದೋಸೆ ಹುಯ್ಯಿ’ ಎಂದರು ಭಾವ, ತಲೆ ಎತ್ತದೆ.

ವಿಂಡೋಸ್ ಹೊಸದಾಗಿ ಕೂತಿತು. ಡಿಸ್ಕಿನ ಗಾತ್ರ ನೋಡಿದರೆ 465 ಜಿಬಿ. ‘ಭಾವ, 35 ಜಿಬಿ ಹೊಡೆದಿದ್ದಾನೆ!’ ಎಂದೆ. ಅಂಗಡಿಗೆ ವಾಪಸ್ ಹೋಗಿ ಜಗಳಾಡಲು ನಾನು ಮಾನಸಿಕವಾಗಿ ಸಜ್ಜಾಗಿಯೂ ಬಿಟ್ಟಿದ್ದೆ. ಭಾವನ ಮುಖದಲ್ಲಿ ಆಗ ಬಂದ ಕಳೆ ನೋಡಬೇಕಿತ್ತು. ಡಿಸ್ಕ್ ಮಾಡುವವನು ಸಾವಿರದ ಲೆಕ್ಕದಲ್ಲಿ ಅಳೆದು ಮಾರುತ್ತಾನೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆದು ತೋರಿಸುತ್ತದೆ, ಮೂರು ಸಲ ಆ ವ್ಯತ್ಯಾಸ ಸೇರಿ 35 ಕಾಣೆಯಾದಂತೆ ಕಾಣುತ್ತದೆ, ಕಾಣೆಯಾದದ್ದು ಏನೂ ಇಲ್ಲ. ಇದನ್ನು ಹಾಲಿನ ಲೆಕ್ಕದ ಚೀಟಿಯ ಹಿಂದೆ ಭಾಗಾಕಾರ ಮಾಡಿ ತೋರಿಸಿದರು. ಅಲ್ಲಿಂದ 1956ಕ್ಕೆ ಹೋದರು: ಐಬಿಎಂನ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆ, ಒಂದು ಟನ್ನಿನಷ್ಟು ತೂಕ, ಹಿಡಿಸುತ್ತಿದ್ದದ್ದು ಸುಮಾರು 5 ಎಂಬಿ. ‘ನೀನು ಕಳಿಸ್ತೀಯಲ್ಲ, ಗುಡ್ ಮಾರ್ನಿಂಗ್ ವಿಡಿಯೊ, ಅದು ಒಂದು ಅದರಲ್ಲಿ ಹಿಡಿಸೋದು ಕಷ್ಟ.’ ಇತಿಹಾಸ ಹೇಳುವಾಗಲೂ ನನ್ನನ್ನು ಬಿಡುವುದಿಲ್ಲ.

ನಮ್ಮನೆ ಬೀರುವಿನಿಂದ ತಂದಿದ್ದ ಎಕ್ಸ್‌ಟರ್ನಲ್ ಡಿಸ್ಕ್ ತೆಗೆದೆ. ಕಡತಗಳು ವಾಪಸ್ ಇಳಿಯತೊಡಗಿದವು. ಉಳಿದ ಸಮಯ ಎರಡು ಗಂಟೆ ಎಂದಿತು, ಹನ್ನೊಂದು ನಿಮಿಷ ಎಂದಿತು, ಒಂದು ದಿನ ಎಂದಿತು. ನಡುರಾತ್ರಿ ಎದ್ದು ಬಂದರೆ ಭಾವ ಕುರ್ಚಿಯಲ್ಲಿ ಶಾಲು ಹೊದ್ದು ತೆರೆ ನೋಡುತ್ತ ಕೂತಿದ್ದಾರೆ. ‘ಸ್ಲೀಪ್ ಮೋಡಿಗೆ ಹೋಗಿಬಿಡುತ್ತೆ ಕಣೋ’ ಎಂದರು, ತಾವು ನಿದ್ದೆಗೆಟ್ಟು. ಅದು ಹೋಗದಂತೆ ಮಾಡುವ ಸೆಟ್ಟಿಂಗ್ ಅವರಿಗೆ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ಕೂರುವುದೇ ಅವರಿಗೆ ಬೇಕಿತ್ತು.

ಬೆಳಿಗ್ಗೆ ನನ್ನ ಲೇಖನಗಳ ಫೋಲ್ಡರ್ ತೆರೆದೆ. ಎಲ್ಲ ಇವೆ. ಒಂದನ್ನು ಒತ್ತಿದೆ. ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಚುಕ್ಕೆ, ಗೀಟು, ಬಾಲ. ಇಪ್ಪತ್ತು ವರ್ಷ ಬರೆದದ್ದೆಲ್ಲ ಯಾವುದೋ ದ್ವೀಪದ ಭಾಷೆಯಾಗಿತ್ತು. ನನ್ನ ಕೈಕಾಲು ತಣ್ಣಗಾದರೆ ಭಾವನ ಕಣ್ಣು ಮಿಂಚಿತು. ‘ಅದಕ್ಕೇ ಹೇಳೋದು, ಬ್ಯಾಕಪ್ ಇದೆ ಅಂದ್ರೆ ಸಾಲದು, ತೆಗೆದು ನೋಡಿರಬೇಕು!’ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಬರೆದದ್ದು. ಫಾಂಟು ಇದ್ದದ್ದು ವಿಂಡೋಸಿನ ಹೊಟ್ಟೆಯೊಳಗೆ, ನನ್ನ ಕಡತಗಳ ಜೊತೆಯಲ್ಲಲ್ಲ. ಅದು ಸತ್ತ ಡಿಸ್ಕಿನ ಜೊತೆ ಹೋಗಿದೆ. ಜೇಬಿನಿಂದ ಪೆನ್ ಡ್ರೈವ್ ಹೊರಬಂತು. ಅದರಲ್ಲಿ ನುಡಿ ಇತ್ತು, ಬರಹ ಇತ್ತು. ಹಾಕಿದ ಮೇಲೆ ಅಕ್ಷರಗಳು ಒಂದೊಂದಾಗಿ ಕನ್ನಡಕ್ಕೆ ಮರಳಿದವು. ಅಪ್ಪಿಕೊಳ್ಳಬೇಕು ಅನ್ನಿಸಿತು, ಅಷ್ಟರಲ್ಲಿ ಅವರು ಯೂನಿಕೋಡಿನ ಮೇಲೆ ಪ್ರವಚನ ಶುರುಮಾಡಿದ್ದರಿಂದ ಆ ಭಾವನೆ ಹಿಂದೆ ಸರಿಯಿತು.

ಸತ್ತ ಡಿಸ್ಕನ್ನು ಅವರು ನನಗೆ ವಾಪಸ್ ಕೊಡಲಿಲ್ಲ. ಒಳಗೆ ಎರಡು ಬಲವಾದ ಅಯಸ್ಕಾಂತಗಳಿರುತ್ತವೆ. ಅವನ್ನು ಕಿತ್ತು ಅಕ್ಕನ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು ಪದ್ಧತಿ. ಅವುಗಳ ಹಿಡಿತ ಎಂಥದ್ದೆಂದರೆ ಕರೆಂಟ್ ಬಿಲ್ಲನ್ನು ಹರಿಯದೆ ಬಿಡಿಸಿಕೊಂಡವರಿಲ್ಲ. ಪ್ರತಿಯೊಂದಕ್ಕೂ ಹೆಸರಿದೆ: ಇದು ಚಿಕ್ಕಪ್ಪಂದು, ಇದು ಶಿವಮೊಗ್ಗದವರದು, ಇದು ನಿಂದು. ಚಿಕ್ಕಪ್ಪ ಹೋಗಿ ವರ್ಷಗಳಾದವು. ಅವರ ಷಷ್ಟ್ಯಬ್ದಿಯ ಫೋಟೊಗಳು ಇವತ್ತು ಉಳಿದಿರುವುದು ಭಾವನ ಬೀರುವಿನಲ್ಲಿ ಮಾತ್ರ. ಅವರ ಮಕ್ಕಳು ಬೇಕೆಂದಾಗ ಇಲ್ಲಿಗೇ ಫೋನ್ ಮಾಡಬೇಕು, ಮಾಡಿದರೆ ಬೈಸಿಕೊಳ್ಳಬೇಕು. ಆದ್ದರಿಂದ ಅವರು ನನಗೆ ಫೋನ್ ಮಾಡಿ ಕೇಳಿಸುತ್ತಾರೆ.

ಈಚೆಗೆ ಭಾವನಿಗೆ ರಿಪೇರಿಯ ಕರೆಗಳು ಕಡಿಮೆಯಾಗಿವೆ. ನನ್ನ ಮಗಳು ಕೊಂಡ ಹೊಸ ಲ್ಯಾಪ್‌ಟಾಪನ್ನು ಭಾವ ಮಗುಚಿ ನೋಡಿದರು. ತೆಳ್ಳಗಿದೆ. ಒಳಗಿನ ಚಿಪ್ಪುಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರಂತೆ. ತಿರುಗುವ ತಟ್ಟೆಯಿಲ್ಲ, ಟಕ್ ಟಕ್ ಇಲ್ಲ. ‘ಅಯಸ್ಕಾಂತವೂ ಇರಲ್ಲ’ ಎಂದು ಅಕ್ಕನಿಗೆ ಹೇಳಿದರು. ಅಕ್ಕ ‘ಸದ್ಯ’ ಎಂದಳು. ಸ್ಕ್ರೂಡ್ರೈವರ್ ಚೀಲದ ಜಿಪ್ ಎಳೆದು ಮಗಳ ಕಡೆ ತಿರುಗಿದರು.

‘ಬ್ಯಾಕಪ್?’

‘ಕ್ಲೌಡಲ್ಲಿದೆ ಮಾವ. ತಾನಾಗೇ ಆಗುತ್ತೆ.’

‘ಪಾಸ್‌ವರ್ಡ್?’

‘ಫೋನಲ್ಲಿದೆ.’

‘ಫೋನ್ ಕಳೆದುಹೋದ್ರೆ?’

‘ಹೊಸ ಪಾಸ್‌ವರ್ಡ್ ಹಾಕ್ಕೋಬಹುದು ಮಾವ, ಓಟಿಪಿ ಬರುತ್ತೆ.’

‘ಎಲ್ಲಿಗೆ?’

‘ಫೋನಿ...’ ಎಂದು ಮಗಳು ನಿಲ್ಲಿಸಿದಳು.

ಭಾವ ಕುರ್ಚಿ ಎಳೆದುಕೊಂಡು ಕೂತರು. ‘ಲೇ, ಕಾಫಿ ಇಡೇ’ ಎಂದು ಒಳಗೆ ಕೂಗಿದರು, ‘ಸ್ವಲ್ಪ ಹೊತ್ತಾಗುತ್ತೆ.’